ನೇತ್ರಾವತಿಯ ಮಗಳು ಎಲ್ಲಿರಬೇಕು?

ಆದಿವಾಲದ ಜುಂಜಮ್ಮನಿಗೆ ಕುರಿಯ ವಿಷಯದಲ್ಲಿ ಗೊತ್ತಿಲ್ಲದ್ದು ಇಲ್ಲ. ಕೆಚ್ಚಲು ಬಾತ ಕುರಿಯನ್ನು ಬೇರೆ ಕಟ್ಟಿ, ಅದರ ಮರಿಯನ್ನು ಇನ್ನೊಂದು ಕುರಿಗೆ ಬಿಟ್ಟು ಎಷ್ಟೋ ಮರಿ ಬದುಕಿಸಿದವಳು. ಸೊಸೆ ನೇತ್ರಾವತಿಗೆ ಕಾಯಿಲೆ ಬಂದಾಗಲೂ ಅವಳಿಗೆ ತೋಚಿದ್ದು ಅದೇ ದಾರಿ.

ಕಾಯಿಲೆ ಬಂದು ವರ್ಷದ ಮೇಲಾಗಿತ್ತು. ಯಾರೂ ಇಲ್ಲದ ಕಡೆ ನೇತ್ರಾವತಿಗೆ ಮಾತು ಕೇಳಿಸುತ್ತಿತ್ತು. ಅನ್ನಕ್ಕೆ ವಿಷ ಬೆರೆಸಿದ್ದಾರೆ ಎಂದು ತಟ್ಟೆ ತಳ್ಳುತ್ತಿದ್ದಳು. ಡಾಕ್ಟರು ಇದಕ್ಕೆ ಸ್ಕಿಜೋಫ್ರೀನಿಯಾ ಎನ್ನುತ್ತಾರೆ ಎಂದು ಹೇಳಿ ಮಾತ್ರೆ ಕೊಟ್ಟರು. ಈಗ ಅವಳು ರೊಟ್ಟಿ ಬಡಿಯುತ್ತಾಳೆ, ಕುರಿ ಕೂಡುವ ರೊಪ್ಪ ಗುಡಿಸುತ್ತಾಳೆ. ಆದರೂ ಎಂಟು ವರ್ಷದ ಮಗಳು ಸಹನಾ ಅವ್ವನ ತಟ್ಟೆಯಲ್ಲಿ ಉಣ್ಣುವಂತಿಲ್ಲ, ಪಕ್ಕ ಮಲಗುವಂತಿಲ್ಲ. ಸೋಮವಾರ ಮಗುವನ್ನು ಹೊರಕೆರೆದೇವಪುರದಲ್ಲಿರುವ ತನ್ನ ಮಗಳು ಸಿದ್ದಕ್ಕನ ಮನೆಗೆ ಕಳಿಸಿ, ಅಲ್ಲಿಯ ಶಾಲೆಗೇ ಸೇರಿಸುವುದೆಂದು ಜುಂಜಮ್ಮ ತೀರ್ಮಾನಿಸಿದ್ದಳು. ಮಗ ಮಂಜಣ್ಣ ತಾಯಿಗೆ ಎದುರಾಡಲಿಲ್ಲ.

ಆಶಾ ಕಾರ್ಯಕರ್ತೆ ಸುಮಿತ್ರಾ ಬಂದಾಗ ಜುಂಜಮ್ಮ ಮೊಮ್ಮಗಳ ಬಟ್ಟೆ ಮಡಿಚುತ್ತಿದ್ದಳು.

"ಏನಜ್ಜಿ, ಯಾವೂರಿಗೆ ದಂಡಯಾತ್ರೆ?"

"ಬಾರವ್ವ, ಕುಂತ್ಕ. ಈ ಹುಡ್ಗೀನ ಕಳಿಸ್ತಾ ಇದೀನಿ. ತಾಯಿ ಕಾಯ್ಲೆ ಮಗೀಗೂ ತಗುಲಿದ್ರೆ ಏನ್ ಗತಿ?"

"ತಗುಲೋ ಕಾಯ್ಲೆ ಅಲ್ಲಜ್ಜಿ ಇದು. ಎಂಜಲಿನಿಂದ ಬರಲ್ಲ, ಪಕ್ಕ ಮಲಗಿದ್ರೆ ಬರಲ್ಲ."

"ರಕ್ತದಾಗೆ ಬಂದ್ರೆ?"

"ಮನೆತನದಾಗೆ ಇದ್ರೆ ಬರೋ ಸಾಧ್ಯತೆ ಒಂಚೂರು ಹೆಚ್ಚು ಅಂತಾರೆ ಡಾಕ್ಟ್ರು. ಆದ್ರೂ ಜಾಸ್ತಿ ಮಕ್ಕಳಿಗೆ ಬರಲ್ಲ. ದೂರ ಇಟ್ಟು ಅದನ್ನ ತಪ್ಪಿಸಾಕೂ ಆಗಲ್ಲ."

"ನೀನು ಫೋನ್ ನೋಡಿ ಹೇಳ್ತಿ. ನಾನು ಐವತ್ತು ವರ್ಷ ಕುರಿ ಕಂಡೋಳು. ಬಾವು ಬಂದ ಕುರಿ ಹತ್ರ ಮರಿ ಬಿಡ್ತಾರೇನೇ?"

ಒಲೆಯ ಮುಂದಿದ್ದ ನೇತ್ರಾವತಿ ತಿರುಗಿದಳು. "ವಾಸಿಯಾದ ಮ್ಯಾಲೂ ಬಿಡಲ್ವೇನತ್ತೆ? ಭಾಳ ದಿನ ದೂರ ಇಟ್ರೆ ತಾಯಿಕುರಿ ಮರಿ ವಾಸ್ನೆ ಮರ್ತು ಒದೀತೈತೆ ಅಂತ ಹೇಳ್ಕೊಟ್ಟೋರು ನೀವೇ."

ಸುಮಿತ್ರಾ ಗೊಳ್ಳೆಂದು ನಕ್ಕಳು. ಜುಂಜಮ್ಮ ನಗದೆ ಇನ್ನೊಂದು ಲಂಗ ತೆಗೆದು ಮಡಿಚತೊಡಗಿದಳು.

ಅಷ್ಟರಲ್ಲಿ ಕಂಬ ಹಿಡಿದು ನಿಂತಿದ್ದ ಸಹನಾ ಸುಮಿತ್ರಾಳನ್ನು ಕೇಳಿದಳು: "ಅಕ್ಕ, ನಾನು ಹೋದ್ರೆ ಅವ್ವಗೆ ಮತ್ತೆ ಹಂಗಾಗಲ್ಲ, ಅಲ್ವಾ?"

"ಯಾಕೆ ಕೂಸೇ ಹಂಗಂತೀಯ?"

"ನಾನು ತಂಟೆ ಮಾಡಿದ್ದಕ್ಕೇ ಅವ್ವನ ತಲೆ ಕೆಟ್ಟಿದ್ದು. ಅಜ್ಜಿ ಹೇಳಿತ್ತು."

ಜುಂಜಮ್ಮನ ಕೈ ನಿಂತಿತು. ಯಾವತ್ತೋ ಮಗು ಹಟ ಮಾಡಿದಾಗ ಸಿಟ್ಟಿನಲ್ಲಿ ಆಡಿದ ಮಾತು. ಅವಳಿಗೆ ಅದು ಮರೆತೇ ಹೋಗಿತ್ತು.

ನೇತ್ರಾವತಿ ಬಂದು ಮಗಳ ಮುಂದೆ ಕೂತು, ಅತ್ತೆಯ ಮುಖ ನೋಡದೆಯೇ ಮಗುವಿನ ಎರಡೂ ಕೈ ಹಿಡಿದುಕೊಂಡಳು.

"ನಿನ್ನಿಂದ ಅಲ್ಲ ಮಗಾ. ನನಗೆ ಕಾಯ್ಲೆ ಬಂದಿತ್ತು, ಮಾತ್ರೆ ನುಂಗ್ತಾ ಇದೀನಿ. ಅವ್ವ ನಿದ್ದೆ ಮಾಡ್ತಿಲ್ಲ, ಒಬ್ಳೇ ಮಾತಾಡ್ತಾಳೆ ಅನ್ನಿಸಿದ್ರೆ ಅಪ್ಪಗೆ ಹೇಳು, ಸಾಕು. ಡಾಕ್ಟ್ರ ಹತ್ರ ಹೋಗೋದು ದೊಡ್ಡೋರ ಕೆಲ್ಸ. ನೀನು ಆಡ್ಕ, ಓದ್ಕ."

"ನಾನು ಆಡಬಾರದ ಮಾತು ಆಡ್ದೆ ಕಣೇ," ಎಂದಳು ಜುಂಜಮ್ಮ ಮೊಮ್ಮಗಳಿಗೆ. "ನಿಂದೇನೂ ತಪ್ಪಿಲ್ಲ."

ಆಮೇಲೆ ಸುಮಿತ್ರಾಳಿಂದಲೇ ಫೋನಿನಲ್ಲಿ ಮಗಳ ನಂಬರು ಒತ್ತಿಸಿ, ಊರಿಗೆಲ್ಲ ಕೇಳುವಂತೆ ಕೂಗಿದಳು: "ಲೇ ಸಿದ್ದಕ್ಕ, ಸೋಮವಾರ ಹುಡುಗಿ ಬರಲ್ಲ! ರಜಕ್ಕೆ ಬರ್ತಾಳೆ. ಒಬ್ಳೇ ಅಲ್ಲ, ಅವರವ್ವನ್ನೂ ಕರ್ಕಂಡು. ಇಬ್ಬರಿಗೂ ಒಂದೇ ಚಾಪೆ ಹಾಸು!"

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲಿ ತಾಯಿಗೋ ತಂದೆಗೋ ಇಂಥ ಕಾಯಿಲೆ ಇದ್ದರೆ ಮಗುವನ್ನು ದೂರ ಮಾಡಬೇಡಿ. ಚೆನ್ನಾಗಿದ್ದಾರೆಂದು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಅನುಮಾನವಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. 14416 ಟೆಲಿ ಮನಸ್ ಸಹಾಯವಾಣಿಗೆ ಉಚಿತವಾಗಿ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಗು ಕೇಳಲಿ ಎಂದು ಕಾಯದೆ, ಇವತ್ತೇ ಪಕ್ಕ ಕೂರಿಸಿಕೊಂಡು ಹೇಳಿ: ಇದು ಕಾಯಿಲೆ, ನಿನ್ನ ತಪ್ಪಲ್ಲ.