ಹಾರುವ ತಾಸು, ಕೂರುವ ತಾಸು

ಸಾಲಹಳ್ಳಿಯ ಕೃಷ್ಣವ್ವ ಬಸುರಿ ಮಗಳು ಸಪ್ನಾಳ ಸೀಮಂತದ ಕುಬುಸಕ್ಕೆಂದು ಹಸಿರು ಖಣ ಹೊಲಿದು, ಬಗಲಲ್ಲಿ ಎರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದಳು. ಊರಿನ ಅರ್ಧ ಹೆಂಗಸರಿಗೆ ಕುಪ್ಪಸ ಹೊಲಿಯುವವಳು. ಬಸುರಿಯ ಮೈ ಯಾವ ತಿಂಗಳಿಗೆ ಎಷ್ಟು ತುಂಬುತ್ತದೆಂದು ಗೊತ್ತಿತ್ತು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಸಪ್ನಾ ಇದ್ದದ್ದು ಅಸ್ಸಾಮಿನ ದಿಬ್ರುಗಡದಲ್ಲಿ, ಸಿಪಾಯಿ ಗಂಡ ಭೀಮಶಿಯ ಜೊತೆ. ರೈಲು ಬೇಡವೆಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ ವಿಮಾನದ ಮಾತು ಬಂತು.

ಕೃಷ್ಣವ್ವನ ಗಂಡ ಲಗಮಪ್ಪ ರಾಮದುರ್ಗದ ಟಿಕೆಟ್ ಅಂಗಡಿಯಲ್ಲಿ ವಿಚಾರಿಸಿ ಬಂದ. ದಿಬ್ರುಗಡದಿಂದ ಬೆಳಗಾವಿಗೆ ಆಕಾಶದಲ್ಲಿ ಗೆರೆ ಎಳೆದರೆ ಎರಡೂವರೆ ಸಾವಿರ ಕಿಲೋಮೀಟರಿನಷ್ಟು. ಹಾರುವುದು ಬರೀ ಐದು ತಾಸು ಎಂದ. ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ಬರುವಷ್ಟು ಹೊತ್ತು. ಕೃಷ್ಣವ್ವ ಅಂದೇ ಪಡಸಾಲೆ ಸಾರಿಸಿ, ಬಾಣಂತಿ ಮಲಗುವ ಹೊರಸಿಗೆ ಹೊಸ ನುಲಿ ಹಗ್ಗ ಹಾಕಿಸಿದಳು.

ಸಂಜೆ ಫೋನಿನಲ್ಲಿ ಸಪ್ನಾ ತಡೆತಡೆದು ಹೇಳಿದಳು. ಹಾರುವುದು ಅಷ್ಟೇ, ನಿಜ. ಆದರೆ ಕೋಲ್ಕತ್ತದಲ್ಲಿ ಒಮ್ಮೆ ಇಳಿಯಬೇಕು, ಬೆಂಗಳೂರಿನಲ್ಲಿ ಇನ್ನೊಮ್ಮೆ. ಹಾರುವುದಕ್ಕಿಂತ ಕುರ್ಚಿಯಲ್ಲಿ ಕೂತು ಕಾಯುವುದೇ ಹೆಚ್ಚು. ಮನೆ ಮುಟ್ಟಲು ಒಂದೂವರೆ ದಿನ. ಕಾಲು ಬಾತಿವೆ, ಅಷ್ಟು ಹೊತ್ತು ಇಳಿಬಿಟ್ಟು ಕೂರಲೇಬಾರದಂತೆ.

ಕೃಷ್ಣವ್ವ ಗಂಡನ ಕಡೆ ತಿರುಗಿದಳು. "ಕುಂದ್ರೂದು ಎಷ್ಟು ಹೊತ್ತಂತ ಕೇಳಲಿಲ್ಲೇನ್ರಿ?"

"ಹಾರೂದರ ಹೊತ್ತು ಕೇಳಿದ್ನಿ. ಅದನ್ನೂ ಬಸ್ಸಿನಂಗ ಅಲ್ಲಲ್ಲಿ ನಿಂದರಸ್ತಾರಂತ ಯಾರಿಗೆ ಗೊತ್ತು?"

ಸಪ್ನಾ ಹೊಟ್ಟೆಯಲ್ಲಿದ್ದಾಗ ಕೃಷ್ಣವ್ವ ತವರು ಮುನವಳ್ಳಿಗೆ ಹೋದದ್ದು ಟ್ರ್ಯಾಕ್ಟರಿನಲ್ಲಿ. ಸೊಂಟ ಹಿಡಿದಾಗೆಲ್ಲ ಅಣ್ಣ ನಿಲ್ಲಿಸಿ, ಬೇವಿನ ನೆರಳಿಗೆ ಕೌದಿ ಹಾಸಿ ಮಲಗಿಸಿದ್ದ. ಮಗಳಿಗೆ ಹಾಗೆ ಹಾಸುವವರು ಯಾರು? ಮೊದಲ ಹೆರಿಗೆಗೆ ತವರಿನ ಒಂದು ಕೈಯೂ ಇರುವುದಿಲ್ಲವೆಂಬುದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಹೊಲಿಗೆ ಮಷೀನು ಹಾಗೇ ನಿಂತಿತ್ತು.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಹೇಳಿದಳು: "ನನ್ನ ಹೊಟ್ಟ್ಯಾಗ ಏನೈತಿ? ನಾ ಕುಂದರ್ತೇನಿ. ಟಿಕೆಟ್ ಇತ್ತಾಗಿಂದ ತಗಸ್ರಿ."

ಹಿಂದಿ ಬರುವುದಿಲ್ಲ, ಬೆಳಗಾವಿ ದಾಟಿದವಳಲ್ಲ ಎಂದು ಲಗಮಪ್ಪ ತಡೆದು ನೋಡಿದ.

"ನಿಮಗ ಎಮ್ಮಿ ಹಿಂಡಾಕ ಬರ್ತೈತೇನು? ಕಲೀತೀರಿ. ನಾನೂ ಕಲೀತೇನಿ."

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೃಷ್ಣವ್ವ ಕುಬುಸದ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಂದಿನ ವಿಮಾನಕ್ಕೆ ಇನ್ನೂ ಬಹಳ ಹೊತ್ತಿತ್ತು. ಪಾದ ಜುಮುಗುಟ್ಟಿದವು, ಸೊಂಟ ಸೆಟೆಯಿತು. ಎದ್ದು ಅಡ್ಡಾಡಿ ಮತ್ತೆ ಕೂತಳು. ಅಷ್ಟರಲ್ಲಿ ಸಪ್ನಾಳ ಫೋನು ಬಂತು. ಕೂತು ಕೂತು ಬೇಸರವಾಯಿತೇ ಎಂದು ಅಳುದನಿಯಲ್ಲಿ ಕೇಳಿದಳು.

"ಇಲ್ಲ ನಮ್ಮವ್ವ. ನೀ ಕುಂದ್ರೂ ಹೊತ್ತನ್ನ ನಾ ಕುಂತೇನಿ. ನೀ ಕಾಲು ಚಾಚಿ ಮಕ್ಕೊ."