ಎಂಜಿನ್ ತಣಿಯುವ ಹತ್ತು ನಿಮಿಷ

ಡೀಸೆಲ್ ನೂರು ರೂಪಾಯಿ ದಾಟಿದ ತಿಂಗಳು ಪಟಾನ್‌ಚೆರುವಿನ ಎಂಜಿನ್ ಕಾರ್ಖಾನೆ ತನ್ನ ಕಾರ್ಮಿಕರ ಬಸ್ಸನ್ನು ನಿಲ್ಲಿಸಿತು. ಆಮೇಲೆ ಡೀಸೆಲ್ ಇಳಿಯಿತು. ಬಸ್ಸು ಬರಲಿಲ್ಲ. ವೈರಿಂಗ್ ವಿಭಾಗದ ಕುಮುದಾ ಆರು ಗಂಟೆಯ ಪಾಳಿಗೆ ಮೂರು ಸಲ ತಡವಾಗಿ ಬಂದಳು. ನಾಲ್ಕನೆಯ ಸಲ ಗೇಟಿನಲ್ಲೇ ಅವಳ ಕಾರ್ಡು ಕಿತ್ತುಕೊಂಡು ವಾಪಸ್ಸು ಕಳಿಸಿದರು.

ದತ್ತಾತ್ರೇಯ ಹತ್ತೊಂಬತ್ತು ವರ್ಷ ಆ ಬಸ್ಸಿನಲ್ಲಿ ಹೋಗಿಬಂದವನು. ಕಾಚಿಗೂಡ ಸ್ಟೇಷನ್ನಿನ ಎದುರು ಹತ್ತಬೇಕು. ಎಡಗಡೆ ನಾಲ್ಕನೆಯ ಸೀಟು. ಕಿಟಕಿಯ ಕಡೆ ವೀರಭದ್ರಪ್ಪ, ಯೂನಿಯನ್ನಿನ ಕಾರ್ಯದರ್ಶಿ. ಅವನು ಪೇಪರನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಓದುತ್ತಿದ್ದ, ಹಿಂದಿನ ಸೀಟಿನ ಮಿಲಿಂದ ಪ್ರತಿ ಸುದ್ದಿಗೂ ಒಂದು ಬೈಗುಳ ಸೇರಿಸುತ್ತಿದ್ದ. "ಕಾಕಾ, ಡಬ್ಬಿ ಮುಂದ ದಾಟಸ್ರಿ," ಎಂದು ಕುಮುದಾ ಮಂಡಕ್ಕಿಯ ಸುಸಲಾ ಕೊಡುತ್ತಿದ್ದಳು. ಅದು ವೀರಭದ್ರಪ್ಪನ ತನಕ ಹೋಗಿ ಖಾಲಿಯಾಗಿ ತಿರುಗಿ ಬರುತ್ತಿತ್ತು. ಬಸ್ಸಿನಲ್ಲಿ ಎಲ್ಲರಿಗೂ ದತ್ತಾತ್ರೇಯ ಕಾಕಾನೇ. ಯಾರೂ ಅವನ ಹೆಸರು ಹಿಡಿದು ಕರೆದದ್ದಿಲ್ಲ, ವೀರಭದ್ರಪ್ಪನೊಬ್ಬನನ್ನು ಬಿಟ್ಟರೆ.

ಬಸ್ಸೂ ಬರಬೇಕು, ಕುಮುದಾನೂ ಬರಬೇಕು ಎಂದು ಯೂನಿಯನ್ ಒಂದು ದಿನ ಹತ್ತು ಗಂಟೆಗೆ ಕೆಲಸ ನಿಲ್ಲಿಸಲು ಕರೆ ಕೊಟ್ಟಿತು. ಗಂಟೆ ಹೊಡೆದದ್ದೇ ತಡ, ನಾನೂರು ಕೈಗಳು ಇದ್ದಲ್ಲೇ ಇಳಿದವು. ಎಲ್ಲರೂ ಅಂಗಳಕ್ಕೆ ಬಂದರು. ದತ್ತಾತ್ರೇಯ ಬರಲಿಲ್ಲ.

ಅವನ ಕೆಲಸ ಟೆಸ್ಟ್ ಬೆಡ್ಡಿನ ಮೇಲೆ. ಹೊಸ ಎಂಜಿನ್ನನ್ನು ಕಟ್ಟಿ ನಿಲ್ಲಿಸಿ, ಪೂರ್ತಿ ಭಾರ ಹಾಕಿ ಓಡಿಸಿ ನೋಡುವುದು. ಹಾಗೆ ಓಡುತ್ತಿರುವುದನ್ನು ಒಮ್ಮೆಲೇ ನಿಲ್ಲಿಸಿದರೆ ಒಳಗಿನ ಬೇರಿಂಗ್ ಸುಟ್ಟುಹೋಗುತ್ತದೆ. ಭಾರ ಇಳಿಸಿ, ಹತ್ತು ನಿಮಿಷ ನಿಧಾನವಾಗಿ ಓಡಿಸಿ, ತಣಿದ ಮೇಲೆ ಬಂದ್ ಮಾಡಬೇಕು. ಕೈ ತಂತಾನೇ ಹಾಗೆ ಮಾಡಿತು. ಅಂದು ಅವನ ತಲೆಯಲ್ಲಿ ಕಂಪನಿ ಇರಲಿಲ್ಲ, ಯೂನಿಯನ್ನೂ ಇರಲಿಲ್ಲ. ಎಂಜಿನ್ ಇತ್ತು.

ವೀರಭದ್ರಪ್ಪ ಹುಡುಕಿಕೊಂಡು ಬಂದು ಗಾಜಿನ ಬಾಗಿಲಲ್ಲಿ ನಿಂತ. ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಎತ್ತಿ ಶಾಖ ಅಳೆಯುವ ಮೀಟರಿನ ಮುಳ್ಳಿನ ಕಡೆ ತೋರಿಸಿದ.

"ಭಾಳ ಗರಮ್ ಐತಲೋ ದತ್ತಾ. ಸಾವಕಾಶ ಇಳಿಸಿ ಬಾ."

ಹತ್ತು ನಿಮಿಷ ಮುಗಿದು ದತ್ತಾತ್ರೇಯ ಅಂಗಳಕ್ಕೆ ಬಂದಾಗ ಪೊಲೀಸರ ವ್ಯಾನು ಬಂದಿತ್ತು. ಮರುದಿನ ವೀರಭದ್ರಪ್ಪನನ್ನು ಸಸ್ಪೆಂಡ್ ಮಾಡಿದರು. ಅದೇ ದಿನ ಗೇಟಿನ ಬೋರ್ಡಿನ ಮೇಲೆ ದತ್ತಾತ್ರೇಯನ ಫೋಟೋ ಹಚ್ಚಿದರು. ಖಾಲಿ ಶೆಡ್ಡಿನಲ್ಲಿ ಅವನೊಬ್ಬನೇ ಎಂಜಿನ್ ಎದುರು. ಕೆಳಗೆ ದಪ್ಪ ಅಕ್ಷರದಲ್ಲಿ: ನಮ್ಮ ನಿಷ್ಠಾವಂತ ಕಾರ್ಮಿಕ.

ಈಗ ಎಲ್ಲರೂ ಸಿಟಿ ಬಸ್ಸಿನಲ್ಲೇ ಹೋಗಬೇಕು, ಸಿಕಂದರಾಬಾದಿನಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಆ ಎರಡನೆಯ ಬಸ್ಸಿನಲ್ಲಿ ಮಿಲಿಂದ ದತ್ತಾತ್ರೇಯನನ್ನು ನೋಡಿ ಎದ್ದು ನಿಂತ.

"ಜಾಗಾ ಬಿಡ್ರಲೇ! ನಿಷ್ಠಾವಂತರು ಬಂದ್ರು. ಬರ್ರಿ ದತ್ತಾತ್ರೇಯರ, ಕೂಡ್ರಿ."

"ಎಂಜಿನ್ ಭಾರದ ಮ್ಯಾಲಿತ್ತಪ್ಪಾ ಮಿಲಿಂದ."

"ಹೌದೇನ್ರಿ? ನೀವು ಎಂಜಿನ್ ತಣ್ಣಗ ಮಾಡಿದ್ರಿ, ಅವರು ಕುಮುದಾನ ಮನಿ ಒಲಿ ತಣ್ಣಗ ಮಾಡಿದ್ರು. ಇಬ್ಬರಿಗೂ ಕೆಲಸ ಛಲೋ ಬರ್ತೈತಿ ನೋಡ್ರಿ."

ಬಸ್ಸು ನಕ್ಕಿತು. ದತ್ತಾತ್ರೇಯ ಬಾಗಿಲ ಸರಳು ಹಿಡಿದು ನಿಂತೇ ಹೋದ. ಆ ಮಾತಿನಷ್ಟೇ ಅವನಿಗೆ ಹೆಸರು ಚುಚ್ಚಿತ್ತು. ದತ್ತಾತ್ರೇಯರ. ಪರವೂರಿನವನನ್ನು ಕರೆದ ಹಾಗೆ.

ಎರಡು ಸಲ ವೀರಭದ್ರಪ್ಪನ ಮನೆಯ ತನಕ ಹೋದ. ಮೊದಲನೆಯ ಸಲ ಮೆಟ್ಟಿಲಿಂದಲೇ ತಿರುಗಿದ. ಎರಡನೆಯ ಸಲ ವೀರಭದ್ರಪ್ಪನ ಹೆಂಡತಿ ಉಷಾ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಳಗೆ ಯಾರೋ ಪೇಪರ್ ಗಟ್ಟಿಯಾಗಿ ಓದುತ್ತಿದ್ದರು. ಯಾರೋ ಅಂದರೆ ಯಾರು, ಅವನೇ. ಕೇಳುವವರಿಲ್ಲದಿದ್ದರೂ ಅದೇ ಎತ್ತರದ ದನಿ. ದತ್ತಾತ್ರೇಯ ಗೋಡೆಗೆ ಆತು ನಿಂತು ಒಂದು ಸುದ್ದಿ ಪೂರ್ತಿ ಕೇಳಿದ. ಫೋಟೋ ನೋಡಿರುತ್ತಾನೆ, ಏನೆಂದುಕೊಂಡಿದ್ದಾನೋ ಎಂದು ಧೈರ್ಯ ಸಾಲದೆ ಹೊರಟುಬಂದ.

ಫೋಟೋ ಹಚ್ಚಿದ ಇಪ್ಪತ್ತನೆಯ ದಿನ ಸಿಬ್ಬಂದಿ ಅಧಿಕಾರಿ ಆಶಿಷ್ ಅವನನ್ನು ಕರೆಸಿದ. ಮೂವತ್ತರ ಹುಡುಗ, ಕಲಬುರ್ಗಿ ಕಡೆಯವನು; ಆಫೀಸಿನಲ್ಲಿ ಇಂಗ್ಲಿಷು ಬಿಟ್ಟರೆ ಹಿಂದಿ. ಇವತ್ತು ಬಾಗಿಲು ಹಾಕಿ ಕನ್ನಡಕ್ಕೆ ಇಳಿದ.

"ಕೂಡ್ರಿ ಕಾಕಾ. ಚಾ ತಗೋತೀರಿ?"

ದತ್ತಾತ್ರೇಯ ಕುರ್ಚಿಯ ತುದಿಗೆ ಕೂತ. ಇಪ್ಪತ್ತು ದಿನದಲ್ಲಿ ಆ ಶಬ್ದ ಕೇಳಿರಲಿಲ್ಲ.

ಆಶಿಷ್ ಮೇಜಿನ ಮೇಲೆ ಒಂದು ಫೋಟೋ ಇಟ್ಟ. ಶೆಡ್ಡಿನ ಕ್ಯಾಮೆರಾ ಮೇಲಿನಿಂದ ಹಿಡಿದದ್ದು: ಬಾಗಿಲಲ್ಲಿ ವೀರಭದ್ರಪ್ಪ, ಎತ್ತಿದ ಕೈಯಲ್ಲಿ ಪಾನಾ.

"ಇದರಾಗ ಏನ್ ಮಾಡಾಕತ್ತಾನ?"

"ಮುಳ್ಳು ತೋರಸಾಕತ್ತಾನ ಸಾಹೇಬ್ರ. ಸಾವಕಾಶ ಇಳಿಸಿ ಬಾ ಅಂದ."

"ಫೋಟೋದಾಗ ಮಾತು ಕೇಳಂಗಿಲ್ಲಲ್ಲ ಕಾಕಾ." ಆಶಿಷ್ ಒಂದು ಹಾಳೆ ಮುಂದೆ ಸರಿಸಿದ. ಅದರಲ್ಲಿ ಬರೆದದ್ದು: ಕೆಲಸ ಬಿಡದಿದ್ದರೆ ತಲೆ ಒಡೆಯುತ್ತೇನೆಂದು ವೀರಭದ್ರಪ್ಪ ಪಾನಾ ಎತ್ತಿ ಬೆದರಿಸಿದ. ನಾನು ಕಂಪನಿಯ ಮೇಲಿನ ನಿಷ್ಠೆಯಿಂದ ಕದಲಲಿಲ್ಲ. ಕೆಳಗೆ ದತ್ತಾತ್ರೇಯನ ಹೆಸರು ಮೊದಲೇ ಟೈಪಾಗಿತ್ತು.

"ಇದರಿಂದ ಅವನ ನೌಕರಿ ಹೋಗತೈತಿ," ಎಂದ ದತ್ತಾತ್ರೇಯ.

"ಹೋಗಬೇಕಾದ್ದೇ. ಸೋಮವಾರದಿಂದ ಕಾಚಿಗೂಡಕ್ಕ ಎಸಿ ವ್ಯಾನ್ ಬರತೈತಿ, ಕಂಪನಿ ಕಡೆ ನಿಂತವರಿಗೆ ಮಾತ್ರ. ಮುಂದಿನ ಸೀಟು ನಿಮ್ದು."

"ಅದಕ್ಕ ಡೀಸೆಲ್ ಸಿಕ್ಕಿತೇನ್ರಿ?"

ಆಶಿಷ್ ನಕ್ಕ. ಆಮೇಲೆ ನಗಲಿಲ್ಲ. "ನೋಡ್ರಿ, ಇಷ್ಟು ದಿನದಾಗ ಅವರಾಗ ಒಬ್ಬರರ ನಿಮ್ಮ ಸಂಗಡ ನೆಟ್ಟಗ ಮಾತಾಡ್ಯಾರೇನು? ಅವರಿಗೆ ನೀವು ಬ್ಯಾಡಾಗೀರಿ. ನಮಗ ಬೇಕಾಗೀರಿ. ಸಹಿ ಮಾಡಲಿಲ್ಲಂದ್ರ ನಿಮಗೂ ನೋಟಿಸು, ನಿಮ್ಮ ಕಡೆ ನಿಲ್ಲಾಕ ಯೂನಿಯನ್ನೂ ಇಲ್ಲ."

ಹುಡುಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಕೋಣೆಯಲ್ಲಿ ಏನು ನಡೆಯಿತೆಂದು ಮಿಲಿಂದನಿಗೆ ಯಾರೂ ಹೇಳುವುದಿಲ್ಲ. ಹೇಳಿದರೂ ನಂಬಲಿಕ್ಕಿಲ್ಲ. ದತ್ತಾತ್ರೇಯ ಆ ವ್ಯಾನನ್ನು ಕಣ್ಣೆದುರು ತಂದುಕೊಂಡ. ಗಾಜು ಏರಿಸಿದ್ದಾರೆ, ತಂಪಿದೆ, ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಪಕ್ಕದ ಸೀಟಿನಲ್ಲಿ ಮಡಿಸಿದ ಪೇಪರು, ಯಾರೂ ಓದುತ್ತಿಲ್ಲ.

ಆಶಿಷ್ ಪೆನ್ನು ತೆರೆದು ಅವನ ಬೆರಳ ಸಂದಿಗೇ ಇಟ್ಟ.

"ಮಾಡ್ರಿ ಕಾಕಾ. ಇಲ್ಲೇ, ಹೆಸರಿನ ಮ್ಯಾಲೆ."

ದತ್ತಾತ್ರೇಯ ಪೆನ್ನನ್ನು ಹಾಳೆಯ ಮೇಲೆ ಅಡ್ಡ ಮಲಗಿಸಿದ.

"ಮಾಡಂಗಿಲ್ಲ," ಎಂದ. "ಮತ್ತ ನೀವು ನನ್ನ ಕಾಕಾ ಅನಬ್ಯಾಡ್ರಿ."