ಅಕ್ಕ ಮತ್ತೆ ನಾಟಕಕ್ಕೆ ಬಂದಳು

ರಂಗಮಂದಿರದಲ್ಲಿ ಮುನ್ನೂರು ಕುರ್ಚಿ. ಭಾನುವಾರದ ನಾಟಕಕ್ಕೆ ಬರುತ್ತಿದ್ದವರು ಎಂಬತ್ತೋ ತೊಂಬತ್ತೋ ಮಂದಿ. ಅವರಲ್ಲೂ ಅರ್ಧ ನಟರ ಮನೆಯವರೇ. ಮ್ಯಾನೇಜರು ಪ್ರತಿ ವಾರ ಪರದೆಯ ಸಂದಿನಿಂದ ಇಣುಕಿ ನೋಡಿ, "ಜನಕ್ಕೆ ನಾಟಕದ ರುಚಿನೇ ಹೋಯ್ತು" ಎಂದು ಗೊಣಗುತ್ತಿದ್ದರು.

ಮ್ಯಾನೇಜರು ಒಳ್ಳೆಯವರೇ. ಇಪ್ಪತ್ತು ವರ್ಷದಿಂದ ಆ ಕಟ್ಟಡವನ್ನು ಸ್ವಂತ ಮನೆಯ ಹಾಗೆ ನೋಡಿಕೊಂಡವರು. ಆದರೆ ನಾಟಕದ ನಡುವೆ ಯಾರಾದರೂ ಪಿಸುಗುಟ್ಟಿದರೆ ಸಾಕು, ಅವರ ಮೈ ಉರಿಯುತ್ತಿತ್ತು. ತುಟಿಯ ಮೇಲೆ ಬೆರಳಿಟ್ಟು ಓಡಿಬರುತ್ತಿದ್ದರು. ನಟರು ಬೆನ್ನ ಹಿಂದೆ ಅವರನ್ನು 'ಶ್ ಸಾಹೇಬರು' ಅನ್ನುತ್ತಿದ್ದರು.

ಕೊನೆಗೆ ರಂಗಮಂದಿರದ ಸಮಿತಿ ಒಬ್ಬ ಸಲಹೆಗಾರ್ತಿಯನ್ನು ಕರೆಸಿತು. ನಾಟಕ, ಸಂಗೀತ, ಚಿತ್ರಕಲೆ ಎಲ್ಲರಿಗೂ ಎಟಕುವಂತೆ ಮಾಡುವುದು ಹೇಗೆಂದು ಹೇಳಿಕೊಡುವುದೇ ಆಕೆಯ ಕೆಲಸ. ಆಕೆ ಗಾಲಿಕುರ್ಚಿಯಲ್ಲಿ ಬಂದರು. ಮುಂಬಾಗಿಲಿಗೆ ಏಳು ಮೆಟ್ಟಿಲು.

"ಹಿಂದುಗಡೆ ಇನ್ನೊಂದು ಬಾಗಿಲಿದೆ ಮೇಡಂ. ಅಲ್ಲಿ ಮೆಟ್ಟಿಲಿಲ್ಲ" ಎಂದರು ಮ್ಯಾನೇಜರು.

"ಆ ಬಾಗಿಲಿಂದ ಏನೇನು ಬರುತ್ತೆ ಸರ್?"

"ಹಲಗೆ, ಪರದೆ, ಮೇಜು..."

"ಸರಿ, ಇವತ್ತು ಹಲಗೆ ಜೊತೆ ನಾನೂ ಬರ್ತೀನಿ" ಎಂದು ಆಕೆ ನಕ್ಕರು. ಮ್ಯಾನೇಜರು ಪೆಚ್ಚಾದರು.

ಆಕೆ ಟಿಕೆಟ್ ಕಿಟಕಿಯ ಎತ್ತರ ನೋಡಿದರು, ಶೌಚಾಲಯದ ಬಾಗಿಲು ಅಳೆದರು. ಆಮೇಲೆ ಕೇಳಿದರು: "ಇಲ್ಲಿಗೆ ಯಾರು ಬರ್ತಿಲ್ಲ ಸರ್?"

"ಬರದೇ ಇರೋರು ನನಗೆ ಹೇಗೆ ಗೊತ್ತಾಗಬೇಕು?"

"ಮನೆಯಿಂದ್ಲೇ ಶುರು ಮಾಡಿ. ನಿಮ್ಮ ಮನೇಲಿ ಯಾರು ಬರಲ್ಲ?"

ಮ್ಯಾನೇಜರು ಹೇಳಿದರು: "ನಮ್ಮಕ್ಕ. ದರ್ಜಿ ಅವಳು. ಇಲ್ಲಿನ ವೇಷಗಳನ್ನೆಲ್ಲ ಅವಳೇ ಹೊಲೀತಿದ್ದಳು. ಐದು ವರ್ಷದ ಹಿಂದೆ ಕಣ್ಣು ಹೋಯ್ತು. ಕಾಣದೇ ಇರೋರಿಗೆ ನಾಟಕ ಯಾಕೆ ಮೇಡಂ? ಕರೆದು ನೋಯಿಸೋದು ಬೇಡ ಅಂತ ಸುಮ್ಮನಿದ್ದೀನಿ."

"ಅವರನ್ನ ಕೇಳಿದ್ರಾ?"

"ಕೇಳೋದೇನು ಬಂತು? ಅದು ಗೊತ್ತಾಗಲ್ವಾ?"

"ಕೇಳಿ ನೋಡಿ" ಎಂದರು ಆಕೆ.

ಮುಂದಿನ ಶನಿವಾರ ಸಲಹೆಗಾರ್ತಿ, ನಾಟಕಕ್ಕೆ ಬಾರದ ಆರೇಳು ಜನರನ್ನು ಕರೆಸಿ, ರಂಗದ ಮೇಲೆಯೇ ಕುರ್ಚಿ ಹಾಕಿ ಕೂರಿಸಿದರು. ಕಿವಿ ಕೇಳದ ಕ್ಷೌರಿಕ, ನಾಟಕದಲ್ಲಿ ನಟರ ತುಟಿ ಕಾಣುವುದಿಲ್ಲ, ಮಾತು ತಿಳಿಯುವುದಿಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದ. ಒಬ್ಬ ತಾಯಿ, ದೊಡ್ಡ ಸದ್ದಾದರೆ ತನ್ನ ಮಗಳು ಕಿರುಚುತ್ತಾಳೆ, ಜನ ತಿರುಗಿ ನೋಡುತ್ತಾರೆ, ಅದಕ್ಕೇ ಬರುವುದಿಲ್ಲ ಎಂದಳು. ಕೊನೆಗೆ ಅಕ್ಕನ ಸರದಿ.

"ಕಣ್ಣು ಹೋದ ಮೇಲೂ ಒಂದು ಸಲ ಬಂದಿದ್ದೆ" ಎಂದಳು ಅಕ್ಕ. "ಪಕ್ಕದ ಮನೆಯಾಕೆ ಕಿವೀಲಿ ಹೇಳ್ತಾ ಇದ್ದಳು, ಈಗ ರಾಜ ಎದ್ದ, ಈಗ ಕಿರೀಟ ತೆಗೆದ ಅಂತ. ಎಷ್ಟು ಚೆನ್ನಾಗಿತ್ತು! ಅಷ್ಟರಲ್ಲಿ ಯಾರೋ ಬಂದು, 'ಶ್! ಮಾತಾಡೋ ಹಾಗಿದ್ರೆ ಎದ್ದು ಹೊರಗೆ ಹೋಗಿ' ಅಂದ್ರು. ಎದ್ದು ಹೋದ್ವಿ."

ಮ್ಯಾನೇಜರಿಗೆ ಸಿಟ್ಟು ನೆತ್ತಿಗೇರಿತು. "ಯಾರಕ್ಕಾ ಅಂದಿದ್ದು? ಹೇಳು, ವಿಚಾರಿಸ್ಕೋತೀನಿ!"

ಅಕ್ಕ ದನಿ ಬಂದ ಕಡೆಗೆ ತಿರುಗಿದಳು.

"ನಿನ್ನ ದನಿ ನನಗೆ ಗೊತ್ತಾಗಲ್ವೇನೋ?"

"ಕತ್ತಲಲ್ಲಿ ನಿನ್ನ ಮುಖ ಕಾಣಲಿಲ್ಲ ಅಕ್ಕಾ" ಎಂದು ಮ್ಯಾನೇಜರು ತೊದಲಿದರು.

"ನನಗೆ ಯಾವ ಮುಖವೂ ಕಾಣಲ್ಲ. ಆದ್ರೂ ಗುರುತು ಹಿಡಿದೆ ನೋಡು" ಎಂದು ಅಕ್ಕ ನಕ್ಕಳು. ಮ್ಯಾನೇಜರು ಅವಳ ಕೈ ಹಿಡಿದುಕೊಂಡು ಕೂತರು.

ಮಾರನೇ ವಾರ ಕೆಲಸ ಶುರುವಾಯಿತು. ಮುಂಬಾಗಿಲಿಗೇ ಇಳಿಜಾರು ದಾರಿ ಕಟ್ಟಿದರು. ರಂಗದ ಪಕ್ಕದ ಪರದೆಯಲ್ಲಿ ನಟರ ಮಾತು ಅಕ್ಷರವಾಗಿ ಮೂಡುವಂತೆ ಮಾಡಿದರು. ತಿಂಗಳಿಗೊಂದು ಪ್ರದರ್ಶನದಲ್ಲಿ ಸದ್ದು ತಗ್ಗಿಸಬೇಕು, ದೀಪ ಪೂರ್ತಿ ಆರಿಸಬಾರದು, ಮಕ್ಕಳು ಎದ್ದು ಓಡಾಡಿದರೂ ಯಾರೂ ಗದರಿಸಬಾರದು ಎಂದು ನಿಯಮ ಮಾಡಿದರು. ಕಣ್ಣು ಕಾಣದವರ ಕಿವಿಗೊಂದು ಇಯರ್‌ಫೋನ್. ಮೇಲಿನ ಕೋಣೆಯಲ್ಲಿ ಒಬ್ಬರು ಮೈಕ್ ಹಿಡಿದು, ರಂಗದ ಮೇಲೆ ಆಗುವುದನ್ನು ಹೇಳಬೇಕು.

"ಅದನ್ನ ನಾನೇ ಮಾಡ್ತೀನಿ" ಎಂದರು ಮ್ಯಾನೇಜರು ಹಠ ಹಿಡಿದು.

ತಾಲೀಮಿನ ದಿನ ಅವರು ಗಂಟಲು ಸರಿ ಮಾಡಿಕೊಂಡು, "ಅಗೋ, ಮನಮೋಹಕ ಸುಂದರಿ ರಾಣಿ ಬರುತ್ತಿದ್ದಾಳೆ..." ಎನ್ನುತ್ತಿದ್ದಂತೆ ಅಕ್ಕ ಇಯರ್‌ಫೋನ್ ಕಿತ್ತಳು.

"ಸುಂದರಿಯೋ ಅಲ್ವೋ ನಾನು ತೀರ್ಮಾನ ಮಾಡ್ಕೋತೀನಿ. ನಿಲುವಂಗಿ ಯಾವ ಬಣ್ಣ? ಓಡಿ ಬಂದ್ಲಾ, ನಡ್ಕೊಂಡು ಬಂದ್ಲಾ? ಅದನ್ನ ಹೇಳು. ಮತ್ತೆ, ನಟರು ಮಾತಾಡೋವಾಗ ಬಾಯಿ ಮುಚ್ಕೊಂಡಿರು!"

ಇಡೀ ತಂಡ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರೂ ನಕ್ಕರು, ಮತ್ತೆ ಮೊದಲಿಂದ ಶುರು ಮಾಡಿದರು.

ಸಲಹೆಗಾರ್ತಿ ಹೊರಡುವ ಮುಂಚೆ ಸಮಿತಿಗೆ ಒಂದು ಮಾತು ಹೇಳಿದರು: "ನಾನು ದಾರಿ ತೋರಿಸಿ ಹೋಗೋಳು. ಈ ಕಾರ್ಯಕ್ರಮವನ್ನ ಇಲ್ಲಿಯವರೇ ಒಬ್ಬರು ಮುನ್ನಡೆಸಬೇಕು. ಸಂಬಳ ಕೊಡಿ, ತೀರ್ಮಾನ ಮಾಡೋ ಅಧಿಕಾರಾನೂ ಕೊಡಿ."

"ಹಾಗಾದ್ರೆ ನಮ್ಮಕ್ಕ ಇರಲಿ" ಎಂದರು ಮ್ಯಾನೇಜರು.

ಸಮಿತಿಯ ಹಿರಿಯರೊಬ್ಬರು ಹುಬ್ಬೇರಿಸಿದರು. "ಕಣ್ಣು ಕಾಣದಾಕೆ ಹೇಗಪ್ಪಾ ನಡೆಸ್ತಾಳೆ?"

"ಎರಡು ಕಣ್ಣಿಟ್ಕೊಂಡು ಇಪ್ಪತ್ತು ವರ್ಷ ನಡೆಸಿದವನು ನಾನು. ಯಾರು ಬರ್ತಿಲ್ಲ ಅಂತ ನನಗೆ ಕಾಣಲೇ ಇಲ್ವಲ್ಲ ಸರ್" ಎಂದರು ಮ್ಯಾನೇಜರು. ಸಮಿತಿ ಅಕ್ಕನಿಗೇ ಹೊಣೆ ವಹಿಸಿತು.

ಮೊದಲ ಪ್ರದರ್ಶನ ಭಾನುವಾರ ಮಧ್ಯಾಹ್ನ. ಆಟಕ್ಕೆ ಮುಂಚೆ ಕಣ್ಣು ಕಾಣದವರನ್ನು ರಂಗಕ್ಕೆ ಕರೆದು, ವೇಷಗಳನ್ನು ಮುಟ್ಟಿ ನೋಡಲು ಬಿಟ್ಟರು. ಅಕ್ಕ ರಾಜನ ನಿಲುವಂಗಿಯ ಅಂಚಿನ ಮೇಲೆ ಬೆರಳಾಡಿಸಿ, "ಯಾರಮ್ಮಾ ಹೊಲಿದಿದ್ದು? ಎರಡು ಕಡೆ ದಾರ ಎಳ್ಕೊಂಡಿದೆ" ಎಂದಳು. ಹೊಸ ದರ್ಜಿ ಹುಡುಗಿ ನಾಚಿ, ಮರುದಿನವೇ ಕಲಿಯಲು ಬರುತ್ತೇನೆ ಎಂದಳು.

ನಾಟಕದಲ್ಲಿ ಒಂದು ಕಡೆ ಮಾತೇ ಇಲ್ಲದ ಹಾಸ್ಯ. ಮ್ಯಾನೇಜರು ಮೈಕಿನಲ್ಲಿ ಹೇಳಿದರು: "ರಾಜ ಗತ್ತಿನಿಂದ ಬಂದ. ಮಂತ್ರಿ ಸಿಂಹಾಸನ ಪಕ್ಕಕ್ಕೆ ಎಳೆದ. ರಾಜ ನೋಡದೇ ಕೂತ." ಸಭೆಯೆಲ್ಲ ಗೊಳ್ಳೆಂದಿತು. ಅದರ ನಡುವೆ ಅಕ್ಕನ ನಗು, ಯಾರಿಗಿಂತಲೂ ಒಂದು ಕ್ಷಣವೂ ತಡವಾಗದೆ, ಮೇಲಿನ ಕೋಣೆಯವರೆಗೂ ಕೇಳಿಸಿತು. ಮ್ಯಾನೇಜರು ಮೈಕ್ ಮರೆತು, ಕೆಳಗೆ ಬಗ್ಗಿ ಅಕ್ಕನನ್ನೇ ನೋಡುತ್ತ ನಿಂತರು. ಮುಂದಿನ ಎರಡು ಸಾಲು ಹೇಳುವುದು ತಪ್ಪಿಹೋಯಿತು.

"ರಾಜ ಎದ್ನೋ ಇಲ್ವೋ, ಹೇಳಲೇ ಇಲ್ವಲ್ಲೋ!" ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅಕ್ಕ ತಮ್ಮನನ್ನು ಬೈದಳು. ತಮ್ಮ ಖುಷಿಯಿಂದ ಬೈಸಿಕೊಂಡರು.

ಬಂಧುಗಳೇ, ಕಲೆ ಎಲ್ಲರ ಸೊತ್ತು. ನೀವು ನಾಟಕ ಆಡಿಸುವವರಾಗಿರಬಹುದು, ಹಾಡು ಕಲಿಸುವವರಾಗಿರಬಹುದು, ಬೀದಿಯ ಗ್ರಂಥಾಲಯ ನಡೆಸುವವರಾಗಿರಬಹುದು. ನಿಮ್ಮಲ್ಲಿಗೆ ಬಾರದವರ ಮನೆ ಬಾಗಿಲಿಗೆ ಈ ವಾರವೇ ಹೋಗಿ. "ಯಾಕೆ ಬರ್ತಿಲ್ಲ? ಏನು ಮಾಡಿದರೆ ಬರ್ತೀರಿ?" ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಮಾಡಿ. ಕೆಲಸ ಶುರುವಾದಾಗ ಅದರ ಹೊಣೆಯಲ್ಲಿ ಅವರಿಗೂ ಪಾಲು ಕೊಡಿ. ನೀವೇ ಹೊರಗುಳಿದವರಾಗಿದ್ದರೆ, ಸಂಕೋಚ ಬೇಡ: ಹೋಗಿ, ನಿಮ್ಮ ಜಾಗ ಕೇಳಿ.